ದೇವಾಲಯದ ನೆರಳಿನಲ್ಲೊಂದು ಪಾಠಶಾಲೆ

(ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಮಾಡಿದ ಭಾಷಣ)



ನಮ್ಮ ದೇವಾಲಯದ ಶತಮಾನೋತ್ಸವದ ಈ ಸಂಭ್ರಮದಲ್ಲಿ ದೇವಾಲಯದ ಚರಿತ್ರೆಯನ್ನು ಕುರಿತು ಬಲ್ಲವರು ಈಗಾಗಲೇ ಮಾತನಾಡಿದ್ದಾರೆ. ಗೋಪುರದ ಎತ್ತರವನ್ನೂ ಗಂಟೆಯ ನಾದವನ್ನೂ ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ತ್ಯಾಗವನ್ನೂ ಸ್ಮರಿಸಿದ್ದಾರೆ. ದೇವಾಲಯದ ಪಕ್ಕದಲ್ಲಿ ಹೆಂಚಿನ ಮಾಡು ಹೊದ್ದು ನಿಂತಿರುವ ನಾಲ್ಕು ಕೋಣೆಗಳ ಶಾಲೆಯ ವಿಷಯವನ್ನು ಮಾತ್ರ ನನಗೆ ವಹಿಸಿದ್ದಾರೆ. ನಾನು ಆ ಶಾಲೆಯಲ್ಲಿಯೇ ಅಕ್ಷರ ತಿದ್ದಿದವನು. ಅನಂತರ ಅಲ್ಲಿಯೇ ಮೂರು ದಶಕಗಳಿಗೂ ಮೀರಿ ಅಕ್ಷರ ತಿದ್ದಿಸಿದವನು. ಈ ವಿಷಯದಲ್ಲಿ ಪಾಂಡಿತ್ಯವಿದೆಯೆಂದು ಹೇಳಿಕೊಳ್ಳಲಾರೆ, ಋಣವಿದೆಯೆಂದು ಹೇಳಬಲ್ಲೆ. ಅದರ ಒಂದಂಶವನ್ನಾದರೂ ತಮ್ಮ ಸಮ್ಮುಖದಲ್ಲಿ ತೀರಿಸಲು ಸಾಧ್ಯವಾದರೆ ಧನ್ಯನೆಂದು ಭಾವಿಸುತ್ತೇನೆ.

ಕಥೋಲಿಕ ಶಾಲೆಯಲ್ಲಿ ಮಕ್ಕಳಿಗೆ ವಿಶ್ವಾಸವನ್ನು ಕಲಿಸುವುದು ಯಾವಾಗ ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ವೇಳಾಪಟ್ಟಿಯ ಕಡೆಗೆ ಕೈ ತೋರಿಸುತ್ತಾರೆ. ಅಲ್ಲಿ ಧರ್ಮೋಪದೇಶಕ್ಕೆಂದು ಅರ್ಧ ಗಂಟೆ ಮೀಸಲಾಗಿದೆ. ಉಳಿದ ಹೊತ್ತೆಲ್ಲ ಕನ್ನಡ, ಗಣಿತ, ಪರಿಸರ ಅಧ್ಯಯನ, ಆಟ, ಊಟ. ಹಾಗಾದರೆ ಆ ಅರ್ಧ ಗಂಟೆಗೆ ಮಾತ್ರ ದೇವರು ತರಗತಿಗೆ ಬಂದು, ಗಂಟೆ ಬಾರಿಸಿದೊಡನೆ ಹೊರಟುಹೋಗುತ್ತಾರೆಯೇ? ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹೆಚ್ಚುಕಡಿಮೆ ಹಾಗೆಯೇ ನಂಬಿದ್ದೆ. ಮಕ್ಕಳೇ ನನ್ನನ್ನು ತಿದ್ದಿದರು. ಅವರು ಕಲಿಸಿದ್ದನ್ನು ಶಾಲೆಯ ಒಂದು ದಿನದ ಕ್ರಮದಲ್ಲಿಯೇ ತಮ್ಮ ಮುಂದಿಡುತ್ತೇನೆ.

ಅದಕ್ಕೆ ಮುನ್ನ ಹಿನ್ನೆಲೆಯಾಗಿ ಎರಡು ಮಾತು. ಹಳೆಯ ಮೈಸೂರು ಸೀಮೆಯಲ್ಲಿ ನಮ್ಮ ವಿಶ್ವಾಸವು ಬೇರೂರಿದ್ದು ಕನ್ನಡದ ಮೂಲಕ. 1649ರಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ತಳಹದಿ ಹಾಕಿದ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಸ್ವಾಮಿಯವರು ಇಟಲಿ ದೇಶದವರು. ಅವರು ಮೊದಲು ಈ ನೆಲದ ಭಾಷೆಗೆ ವಿದ್ಯಾರ್ಥಿಯಾದರು. ಆಮೇಲೆ ಧರ್ಮೋಪದೇಶವನ್ನು ಕನ್ನಡದಲ್ಲಿ ಬರೆದರು. ಉಪದೇಶಿಸಲು ಬಂದವರೇ ಮೊದಲು ಕಲಿಯಲು ಕುಳಿತರೆಂಬುದು ಉಪಾಧ್ಯಾಯರಾದ ನಮಗೆ ದೊಡ್ಡ ಪಾಠ.

ಎರಡನೆಯದು, ಉಪಾಧ್ಯಾಯರ ಪಾಲಕ ಸಂತರಾದ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಅವರ ವಿಷಯ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಮಕ್ಕಳಿಗೆ ಓದು ಕಲಿಸುವುದನ್ನು ಲತೀನ್ ಭಾಷೆಯಿಂದ ಆರಂಭಿಸುವುದು ವಾಡಿಕೆಯಾಗಿತ್ತು. ದುಡಿಯುವವರ ಮಕ್ಕಳು ಶಾಲೆಯಲ್ಲಿ ಇರುವುದೇ ಕೆಲವು ವರ್ಷ. ಅಷ್ಟರಲ್ಲಿ ಅರ್ಥವಾಗದ ಭಾಷೆಯನ್ನು ಕೂಡಿಸಿ ಓದಿ ಅವರು ಹೊರಟುಹೋದರೆ ಪ್ರಯೋಜನವೇನೆಂದು ಯೋಚಿಸಿದ ಅವರು, ಮನೆಯ ಮಾತಾದ ಫ್ರೆಂಚಿನಿಂದಲೇ ಓದನ್ನು ಆರಂಭಿಸಿದರು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಪಾಠ ಹೇಳುವ ಬದಲು ತರಗತಿಗಳಾಗಿ ಕೂರಿಸಿ ಎಲ್ಲರಿಗೂ ಒಟ್ಟಿಗೆ ಕಲಿಸುವ ಕ್ರಮವನ್ನು ನೆಲೆಗೊಳಿಸಿದರು. ಅವರು 1719ರಲ್ಲಿ ದೈವಾಧೀನರಾದರು; 1950ರಲ್ಲಿ ಜಗದ್ಗುರು ಹನ್ನೆರಡನೆಯ ಭಕ್ತಿನಾಥರು, ಅಂದರೆ ಪೋಪ್ ಹನ್ನೆರಡನೆಯ ಪಿಯುಸ್, ಅವರನ್ನು ಉಪಾಧ್ಯಾಯರೆಲ್ಲರ ಪಾಲಕರೆಂದು ಘೋಷಿಸಿದರು. ಬಡವನ ಮಗುವಿಗೆ ಅರ್ಥವಾಗುವಂತೆ ಕಲಿಸುವುದು ಆ ಸಂತರಿಗೆ ಬೋಧನಾಕ್ರಮದ ಮಾತಷ್ಟೇ ಆಗಿರದೆ ಭಕ್ತಿಯ ಮಾತೂ ಆಗಿತ್ತು.

ಇನ್ನು ನಮ್ಮ ಶಾಲೆಗೆ ಬರೋಣ. ಬೆಳಗಿನ ಪ್ರಾರ್ಥನೆ ಮುಗಿದು ಮಕ್ಕಳು ಕುಳಿತ ಮೇಲೆ ಮೊದಲ ಕೆಲಸ ಹಾಜರಿ ಕರೆಯುವುದು. ಇದು ಎರಡು ನಿಮಿಷದ ಕೆಲಸ. ಆದರೆ ಮಗುವಿನ ಪಾಲಿಗೆ ಅದು ಸಣ್ಣ ಸಂಗತಿಯಲ್ಲ. ಮನೆಯಲ್ಲಿ 'ಲೇ', 'ಏ ಮರಿ' ಎಂದು ಕರೆಸಿಕೊಳ್ಳುವ ಮಗುವಿಗೆ ದೀಕ್ಷಾಸ್ನಾನದಲ್ಲಿ ಇಟ್ಟ ಪೂರ್ಣ ಹೆಸರು ಕೇಳಿಸುವುದು ಇಲ್ಲಿಯೇ. ಉತ್ತಮ ಕುರಿಗಾಹಿಯು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆಂದು ಸಂತ ಯೊವಾನ್ನರು ತಮ್ಮ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ತಿಳಿಸುತ್ತಾರೆ. ಆ ಅಧ್ಯಾಯವನ್ನು ವಿವರಿಸಲು ನನಗೆ ದೊಡ್ಡ ಗ್ರಂಥಗಳು ಬೇಕಾಗಲಿಲ್ಲ; ಹಾಜರಿ ಪುಸ್ತಕವೊಂದೇ ಸಾಕಾಗುತ್ತಿತ್ತು. ಅದೇ ಪುಸ್ತಕದಲ್ಲಿ ನಾನು ಮಾಡಿದ ತಪ್ಪೊಂದನ್ನೂ ಮುಂದೆ ನಿವೇದಿಸುತ್ತೇನೆ.

ಹಾಜರಿಯ ಅನಂತರ ಗಣಿತ. ನಾನು ಬಾಲಕನಾಗಿದ್ದಾಗ ಮಗ್ಗಿಯನ್ನು ರಾಗವಾಗಿ ಹೇಳಿಸುತ್ತಿದ್ದರು. ಸಂಜೆ ಮನೆಯಲ್ಲಿ ಜಪಸರವನ್ನು ಹೇಳುವಾಗಲೂ ನಮ್ಮ ಬಾಯಲ್ಲಿ ಅದೇ ಧಾಟಿ ಬರುತ್ತಿತ್ತು, ಅಜ್ಜಿ ಗದರಿಸುತ್ತಿದ್ದರು. ಬಹುಕಾಲದ ಮೇಲೆ ನಾನೇ ಉಪಾಧ್ಯಾಯನಾಗಿ, ಹತ್ತರ ಮಗ್ಗಿ ತಲೆಗೆ ಹತ್ತದೆ ಒದ್ದಾಡುತ್ತಿದ್ದ ಮಕ್ಕಳನ್ನು ಕಂಡಾಗ ಆ ಧಾಟಿ ನೆನಪಾಯಿತು. ಗೋಡೆಯಲ್ಲಿ ತೂಗಹಾಕಿದ್ದ ಜಪಸರವನ್ನು ಅವರ ಕೈಗೆ ಕೊಟ್ಟು ಎಣಿಸಲು ಹೇಳಿದೆ. ಹತ್ತು ಮಣಿಗಳ ಐದು ಗುಂಪು, 50. ಶಿಲುಬೆಯ ಸಮೀಪದ ಮೂರನ್ನು ಕೂಡಿಸಿದರೆ ನಮೋ ಮರಿಯ ಪ್ರಾರ್ಥನೆಗೆ 53. ಪರಲೋಕ ಪ್ರಾರ್ಥನೆಗೆ 6. ಒಟ್ಟು 59.

ಅಷ್ಟರಲ್ಲಿ ಮುಸ್ಲಿಂ ಹುಡುಗನೊಬ್ಬ ಎದ್ದು ನಿಂತು, "ಸಾರ್, ನಮ್ಮ ಅಜ್ಜನ ತಸ್ಬಿಯಲ್ಲಿ ಮೂವತ್ತಮೂರು ಮಣಿ ಇದೆ, ಮೂರು ಸುತ್ತು ಎಣಿಸ್ತಾರೆ" ಎಂದ. ಹುಡುಗಿಯೊಬ್ಬಳು ತನ್ನ ಅಜ್ಜಿಯ ಜಪಮಾಲೆಯಲ್ಲಿ ನೂರೆಂಟು ಎಂದಳು. ಕೂಡಲೇ ಹಲಗೆಯ ಮೇಲೆ ಲೆಕ್ಕಗಳು ಹುಟ್ಟಿಕೊಂಡವು. 33ನ್ನು 3ರಿಂದ ಗುಣಿಸಿದರೆ ಎಷ್ಟು? 108ರಲ್ಲಿ 59ನ್ನು ಕಳೆದರೆ ಎಷ್ಟು? ಆ ದಿನದ ಗಣಿತವು ಪಠ್ಯಪುಸ್ತಕದಿಂದ ಬರದೆ ಮೂರು ಮನೆಗಳ ದೇವರ ಮೂಲೆಯಿಂದ ಬಂದಿತು. ನಮ್ಮ ಮಕ್ಕಳು ತಮ್ಮ ಜಪಸರವನ್ನು ಆ ದಿನ ಎಂದಿಗಿಂತ ಚೆನ್ನಾಗಿ ಅರಿತುಕೊಂಡರು. ಪಕ್ಕದಲ್ಲಿ ಕುಳಿತವರ ಮನೆಯಲ್ಲಿಯೂ ವಯಸ್ಸಾದವರೊಬ್ಬರು ದೇವರನ್ನು ನೆನೆದು ಮಣಿ ಎಣಿಸುತ್ತಾರೆಂಬುದನ್ನೂ ಅರಿತುಕೊಂಡರು. ಅನ್ಯರನ್ನು ಗೌರವಿಸಬೇಕೆಂದು ನಾನು ಪ್ರತ್ಯೇಕವಾಗಿ ಬೋಧಿಸಬೇಕಾಗಲಿಲ್ಲ.

ಆಮೇಲೆ ಕನ್ನಡ ಉಕ್ತಲೇಖನ. ಹತ್ತು ಪದಗಳನ್ನು ಹೇಳಿ ಬರೆಯಿಸಿ, ಸ್ಲೇಟುಗಳನ್ನು ತಿದ್ದಿ ಅಂಕ ಹಾಕುತ್ತಿದ್ದೆ. ಒಮ್ಮೆ ಮೂರನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಸ್ಲೇಟನ್ನು ಹಿಡಿದುಕೊಂಡು ಮೇಜಿನ ಬಳಿ ಬಂದು ಸುಮ್ಮನೆ ನಿಂತಳು. "ಏನಮ್ಮಾ?" ಎಂದೆ. "ಒಂಬತ್ತು ಹಾಕಿದ್ದೀರಿ ಸಾರ್. 'ಋಷಿ' ತಪ್ಪು ಬರೆದಿದ್ದೀನಿ. ಎಂಟೇ ಬರಬೇಕು" ಎಂದಳು. ಆ ವರ್ಷ ಪಾಪನಿವೇದನೆಯ ಪಾಠವನ್ನು ನಾನು ಅವರಿಗೆ ಹೇಳಿಕೊಟ್ಟಿದ್ದೆ. ಆತ್ಮಶೋಧನೆ, ಪಶ್ಚಾತ್ತಾಪ, ನಿವೇದನೆ ಎಂದು ಕ್ರಮವಾಗಿ ಬಾಯಿಪಾಠ ಮಾಡಿಸಿದ್ದೆ. ಆ ಪಾಠದಲ್ಲಿ ಈ ಹುಡುಗಿ ಚುರುಕಾಗಿರಲಿಲ್ಲ. ಆದರೆ ಯಾರೂ ನೋಡದಿದ್ದ ತಪ್ಪನ್ನು, ತನಗೆ ನಷ್ಟವಾಗುವಂತಿದ್ದರೂ, ತಾನೇ ಬಂದು ಹೇಳಿದಳು. ನಾನು ಎಂಟು ಎಂದು ತಿದ್ದಿ ಕಳುಹಿಸಿದೆ. ಹೊಗಳಿದ್ದರೆ ಅದು ಅಂಕಕ್ಕೆ ಬದಲಾಗಿ ಕೊಟ್ಟ ಲಂಚವಾಗುತ್ತಿತ್ತೆಂದು ತೋರಿತು.

ಮಧ್ಯಾಹ್ನ ಹನ್ನೆರಡಕ್ಕೆ ದೇವಾಲಯದ ಗಂಟೆ. ತ್ರಿಕಾಲ ಪ್ರಾರ್ಥನೆ ಮುಗಿದರೆ ಊಟ. 1960ರ ದಶಕದಲ್ಲಿ ಓದಿದವರಿಗೆ ಅಮೆರಿಕದಿಂದ ಬರುತ್ತಿದ್ದ ಕೇರ್ ಸಂಸ್ಥೆಯ ಹಾಲಿನ ಪುಡಿಯ ವಾಸನೆ ಇಂದಿಗೂ ನೆನಪಿರಬೇಕು. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಅನಂತರ ಎಲ್ಲೆಡೆಗೂ ವಿಸ್ತರಿಸಿದ ಅಕ್ಷರ ದಾಸೋಹದ ಬಿಸಿಯೂಟವನ್ನು ಇಂದಿನ ಮಕ್ಕಳು ಬಲ್ಲರು. ಅನ್ನ ಎಲ್ಲಿಂದಲೇ ಬರಲಿ, ನಮ್ಮ ಶಾಲೆಯಲ್ಲಿ ಒಂದು ನಿಯಮವಿತ್ತು: ಚಿಕ್ಕವರು ಮೊದಲು, ದೊಡ್ಡವರು ಕೊನೆಗೆ. ನಾಲ್ಕನೆಯ ತರಗತಿಯವರು ಬಡಿಸಿ, ಉಳಿದುದನ್ನು ಉಣ್ಣಬೇಕು. ಯಾರು ಈ ನಿಯಮವನ್ನು ಮಾಡಿದರೋ ದಾಖಲೆಯಿಲ್ಲ. ಪುಣ್ಯ ಗುರುವಾರದಂದು ಗುರುಗಳು ಮಂಡಿಯೂರಿ ಪಾದಗಳನ್ನು ತೊಳೆಯುವಾಗ ನಮ್ಮ ಮಕ್ಕಳಿಗೆ ಆಶ್ಚರ್ಯವಾಗುತ್ತಿರಲಿಲ್ಲ. ದೊಡ್ಡವರಾದವರು ಮಾಡುವುದೇ ಹಾಗೆ ಎಂದು ಅವರು ತಟ್ಟೆಯ ಮುಂದೆ ಆಗಲೇ ಕಲಿತಿದ್ದರು.

ಕೊನೆಗೆ ಧರ್ಮೋಪದೇಶದ ಅರ್ಧ ಗಂಟೆ. ನನ್ನ ತಪ್ಪಿನ ಕಥೆಯನ್ನು ಇಲ್ಲಿ ಹೇಳಬೇಕು.

ನಾನು ಆಗ ಎಳೆಯ ಉಪಾಧ್ಯಾಯ. ಮೊದಲ ಪರಮಪ್ರಸಾದಕ್ಕೆ ಮಕ್ಕಳನ್ನು ಸಿದ್ಧಪಡಿಸುವ ಹೊಣೆ ನನ್ನದಾಗಿತ್ತು. ಪ್ರಶ್ನೋತ್ತರಗಳನ್ನು ತಪ್ಪಿಲ್ಲದೆ ಒಪ್ಪಿಸಿದವರ ಹೆಸರು ಪಟ್ಟಿಯಲ್ಲಿ, ಒಪ್ಪಿಸದವರು ಮುಂದಿನ ವರ್ಷಕ್ಕೆ. ಹುಡುಗನೊಬ್ಬ ಧರ್ಮೋಪದೇಶದ ಹೊತ್ತಿಗೆ ಬಹುತೇಕ ಕಾಣಿಸುತ್ತಿರಲಿಲ್ಲ. ನಾನು ಅವನ ಹೆಸರಿನ ಮುಂದೆ ದಿನವೂ ಗೈರುಹಾಜರಿ ಹಾಕುತ್ತಿದ್ದೆ. ಕೇಳಿದರೆ ತಲೆ ತಗ್ಗಿಸುತ್ತಿದ್ದ. ಒಂದೆರಡು ಬಾರಿ ಬೆತ್ತವನ್ನೂ ಎತ್ತಿದೆ. ಪಟ್ಟಿ ಸಿದ್ಧವಾದಾಗ ಅವನ ಹೆಸರನ್ನು ಹೊಡೆದುಹಾಕಿ ವಿಚಾರಣಾ ಗುರುಗಳಿಗೆ ಒಪ್ಪಿಸಿದೆ.

ಗುರುಗಳು ವಯೋವೃದ್ಧರು, ಮಿತಭಾಷಿಗಳು. ಹೊಡೆದ ಹೆಸರನ್ನು ನೋಡಿ, ಹುಡುಗನನ್ನು ಕರೆಸಿದರು. ಅವನು ಒಂಟಿಯಾಗಿ ಬರಲಿಲ್ಲ. ಸೊಂಟದ ಮೇಲೆ ಎರಡು ವರ್ಷದ ತಂಗಿಯಿದ್ದಳು. ತಾಯಿ ಕೂಲಿಗೆ ಹೋಗುತ್ತಿದ್ದರು. ಮಧ್ಯಾಹ್ನದವರೆಗೆ ಮಗುವನ್ನು ನೋಡಿಕೊಳ್ಳುತ್ತಿದ್ದ ನೆರೆಮನೆಯ ಮುದುಕಿಯೂ ಆಮೇಲೆ ಕೆಲಸಕ್ಕೆ ಹೋಗುತ್ತಿದ್ದುದರಿಂದ, ಆ ಹೊತ್ತಿನಲ್ಲಿ ತಂಗಿ ಇವನ ಪಾಲಿಗೆ. ಅವಳು ಅತ್ತರೆ ಪಾಠ ಕೆಡುವುದೆಂದು ಅವನು ಒಳಗೆ ಬರುತ್ತಿರಲಿಲ್ಲ. ಕಿಟಕಿಯ ಹೊರಗೆ, ಹೊಂಗೆಯ ಮರದಡಿ ಮಗುವನ್ನು ಆಡಿಸುತ್ತ ನಿಂತಿರುತ್ತಿದ್ದ. ನಾನು ಗೈರುಹಾಜರಿ ಎಂದು ಬರೆದ ದಿನಗಳಲ್ಲೆಲ್ಲ ಅವನು ನನ್ನಿಂದ ಹತ್ತು ಮಾರು ದೂರದಲ್ಲಿಯೇ ಇದ್ದ.

ಗುರುಗಳು ಕೇಳಿದ್ದು ಒಂದೇ ಪ್ರಶ್ನೆ: "ಮನೆಯಲ್ಲಿ ತಿನ್ನುವ ರೊಟ್ಟಿಗೂ ಪೂಜೆಯಲ್ಲಿ ಕೊಡುವ ರೊಟ್ಟಿಗೂ ಏನಪ್ಪಾ ವ್ಯತ್ಯಾಸ?" ಹುಡುಗ ತಡವರಿಸಲಿಲ್ಲ. "ಅದು ರೊಟ್ಟಿ ಸ್ವಾಮಿ. ಇದು ಯೇಸುಸ್ವಾಮಿ" ಎಂದ. ಗುರುಗಳು ಪಟ್ಟಿಯಲ್ಲಿ ಅವನ ಹೆಸರನ್ನು ತಮ್ಮ ಕೈಯಿಂದಲೇ ಮತ್ತೆ ಬರೆದರು.

ಅವನು ಹೋದ ಮೇಲೆ ಅವರು ನನ್ನನ್ನು ಗದರಿಸಲಿಲ್ಲ, ತಿಳಿಯಹೇಳಿದರು. 1910ರಲ್ಲಿ ಜಗದ್ಗುರು ಹತ್ತನೆಯ ಪಿಯುಸರ ಕಾಲದಲ್ಲಿ ಹೊರಬಿದ್ದ ಆಜ್ಞಾಪತ್ರವು, ಸುಮಾರು ಏಳು ವರ್ಷದ, ವಿವೇಚನೆ ಮೂಡಿದ ಮಗುವನ್ನು ಪರಮಪ್ರಸಾದದಿಂದ ದೂರವಿಡಬಾರದೆಂದು ವಿಧಿಸಿತು. ಮಗುವಿಗೆ ಸಂಪೂರ್ಣ ಶಾಸ್ತ್ರಜ್ಞಾನವಿರಬೇಕೆಂದು ಅದು ಕೇಳಲಿಲ್ಲ. ವಿಶ್ವಾಸದ ಮುಖ್ಯ ಸತ್ಯಗಳನ್ನು ತನ್ನ ಶಕ್ತಿಗೆ ತಕ್ಕಂತೆ ಅರಿತು, ಸಾಮಾನ್ಯ ರೊಟ್ಟಿಗೂ ಪರಮಪ್ರಸಾದಕ್ಕೂ ಇರುವ ಭೇದವನ್ನು ಮಗು ತಿಳಿದಿರಬೇಕು. ಉಳಿದುದನ್ನು ಮುಂದೆ ಕ್ರಮವಾಗಿ ಕಲಿಯಬಹುದು. ಧರ್ಮಸಭೆ ತೆರೆದ ಬಾಗಿಲನ್ನು ಶಾಲಾ ಮೇಷ್ಟ್ರು ಬೆತ್ತ ಹಿಡಿದು ಮುಚ್ಚಿದ್ದ.

ಸಹೋದರ ಸಹೋದರಿಯರೇ, ಈ ಕಥೆ ಸುಖವಾಗಿ ಮುಗಿಯಿತೆಂದು ಹೇಳಲಾರೆ. ಆ ಹುಡುಗ ಪರಮಪ್ರಸಾದವನ್ನೇನೋ ಸ್ವೀಕರಿಸಿದ. ಆದರೆ ನಾಲ್ಕನೆಯ ತರಗತಿ ಮುಗಿಯುವ ಮೊದಲೇ ಕುಟುಂಬ ಕೂಲಿ ಅರಸಿ ಊರು ಬಿಟ್ಟಿತು. ಜೂನ್ ತಿಂಗಳಲ್ಲಿ ಹೊಸ ಹಾಜರಿ ಪುಸ್ತಕ ಬಂದಾಗ ಅವನ ಹೆಸರು ಅದರಲ್ಲಿರಲಿಲ್ಲ. ಎಲ್ಲಿಗೆ ಹೋದನೆಂದು ನಾನು ವಿಚಾರಿಸಲಿಲ್ಲ. ಒಂದು ಕುರಿ ತಪ್ಪಿಹೋದಾಗ ತೊಂಬತ್ತೊಂಬತ್ತನ್ನು ಬಿಟ್ಟು ಹುಡುಕಿಹೋದವನ ಸಾಮತಿಯನ್ನು ಆ ವರ್ಷವೂ ಎಂದಿನಂತೆ ಪಾಠ ಮಾಡಿದೆ. ನಾನು ಆರಂಭದಲ್ಲಿ ಋಣವೆಂದು ಹೇಳಿದ್ದು ಇದನ್ನೇ.

ಅಂದಿನಿಂದ ನಾನು ಎರಡು ಅಭ್ಯಾಸಗಳನ್ನು ಮಾಡಿಕೊಂಡೆ. ಗೈರುಹಾಜರಿ ಬರೆಯುವ ಮುನ್ನ ಕಿಟಕಿಯ ಹೊರಗೆ ನೋಡುವುದು. ಮಗು ಮೂರು ದಿನ ಬಾರದಿದ್ದರೆ ಅದರ ಮನೆಗೆ ಹೋಗುವುದು. ಚಿಕ್ಕ ತಮ್ಮ ತಂಗಿಯರನ್ನು ಕರೆತಂದ ಮಕ್ಕಳಿಗೆ ಹಿಂದಿನ ಸಾಲಿನಲ್ಲಿ ಒಂದು ಚಾಪೆ ಹಾಸಿಟ್ಟೆವು. ಪಾಠ ಕೆಡಲಿಲ್ಲ.

ಶಾಲೆಯಲ್ಲಿ ಈಗ ಕಥೋಲಿಕರಲ್ಲದ ಮಕ್ಕಳೇ ಹೆಚ್ಚಾಗಿರುವಾಗ ವಿಶ್ವಾಸದ ಮಾತೆಲ್ಲಿ ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ನಮ್ಮ ಸಂವಿಧಾನವೇ ಸ್ಪಷ್ಟವಾದ ದಾರಿ ತೋರಿಸಿದೆ. 30ನೆಯ ವಿಧಿಯು ಅಲ್ಪಸಂಖ್ಯಾತರಾದ ನಮಗೆ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. 28ನೆಯ ವಿಧಿಯ ಮೂರನೆಯ ಖಂಡವು, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೆ ಕೂರಿಸಬಾರದೆಂದು ಹೇಳಿದೆ. ಈ ಎರಡನ್ನೂ ನಾವು ಮನಃಪೂರ್ವಕವಾಗಿ ಪಾಲಿಸಿದ್ದೇವೆ. ಧರ್ಮೋಪದೇಶದ ಹೊತ್ತಿನಲ್ಲಿ ಆ ಮಕ್ಕಳಿಗೆ ಬೇರೆ ಕೋಣೆಯಲ್ಲಿ ನೀತಿಪಾಠ ನಡೆಯುತ್ತದೆ. ಆದರೆ ಹೆಸರು ಹಿಡಿದು ಕರೆಯುವುದು, ನ್ಯಾಯವಾಗಿ ಅಂಕ ಕೊಡುವುದು, ಚಿಕ್ಕವರಿಗೆ ಮೊದಲು ಬಡಿಸುವುದು, ಬಾರದ ಮಗುವನ್ನು ಹುಡುಕಿ ಹೋಗುವುದು, ಇವಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ನಮ್ಮ ವಿಶ್ವಾಸಕ್ಕೆ ಆ ಮಕ್ಕಳ ಮುಂದೆ ಸಾಕ್ಷಿ ಹೇಳುವುದು ಈ ಕೆಲಸಗಳೇ.

ಇನ್ನು ಮನೆಯ ಮಾತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಕ್ರೈಸ್ತ ಶಿಕ್ಷಣವನ್ನು ಕುರಿತು ಹೊರಡಿಸಿದ ಘೋಷಣೆಯಲ್ಲಿ, ತಂದೆತಾಯಿಗಳೇ ಮಕ್ಕಳ ಮೊದಲ ಹಾಗೂ ಪ್ರಧಾನ ಶಿಕ್ಷಕರೆಂದು ಸಾರಿತು. ಈ ಕರ್ತವ್ಯವನ್ನು ಅವರು ನೆರವೇರಿಸದೆ ಹೋದರೆ ಬೇರಾರೂ ಅದನ್ನು ತುಂಬಿಕೊಡುವುದು ಕಷ್ಟವೆಂದೂ ಎಚ್ಚರಿಸಿತು. ಶಾಲೆ ಬಿಟ್ಟ ಮೇಲೆ ಮಗು ಯಾರ ಕೈಯಿಂದ ಶಿಲುಬೆಯ ಗುರುತನ್ನು ಕಲಿಯುತ್ತದೆ? ಅಂಗಡಿಯಿಂದ ಹೆಚ್ಚಾಗಿ ಬಂದ ಚಿಲ್ಲರೆಯನ್ನು ಹಿಂದಿರುಗಿಸಿ ಬಾ ಎಂದು ಯಾರು ಹೇಳಿಕಳುಹಿಸುತ್ತಾರೆ? ಹಾಗೆ ಹೇಳುವವರು ಮನೆಯಲ್ಲಿಲ್ಲದಿದ್ದರೆ ನನ್ನಂಥ ಹತ್ತು ಮೇಷ್ಟ್ರುಗಳು ಸೇರಿದರೂ ಫಲವಿಲ್ಲ.

ಈಗ ನಮ್ಮೆಲ್ಲರ ಮನಸ್ಸಿನಲ್ಲಿರುವ, ಆದರೆ ಈ ಸಂಭ್ರಮದಲ್ಲಿ ಯಾರೂ ಎತ್ತದಿರುವ ವಿಷಯಕ್ಕೆ ಬರುತ್ತೇನೆ. ಶಾಲೆಯಲ್ಲಿ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ನಮ್ಮ ಧರ್ಮಕೇಂದ್ರದ ಮಕ್ಕಳು ಬೆಳಿಗ್ಗೆ ವ್ಯಾನು ಹತ್ತಿ ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಹೋಗುತ್ತಾರೆ. ಇದಕ್ಕಾಗಿ ನಾನು ಯಾರನ್ನೂ ದೂಷಿಸಲಾರೆ. ನನ್ನ ಮೊಮ್ಮಕ್ಕಳೂ ಆ ವ್ಯಾನಿನಲ್ಲಿದ್ದಾರೆ. ಕಲಿಕೆಯ ಮಾಧ್ಯಮವನ್ನು ಆರಿಸುವ ಹಕ್ಕು ಪೋಷಕರದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ತೀರ್ಪು ನೀಡಿದೆ. ಮಗುವಿನ ಮುಂದಿನ ಬಾಳಿಗೆ ಇಂಗ್ಲಿಷ್ ಬೇಕೆಂಬ ತಂದೆಯ ಆತಂಕ ಸುಳ್ಳಲ್ಲ.

ಆದರೆ ಇಂದು ನಮ್ಮ ಶಾಲೆಯ ಬೆಂಚುಗಳ ಮೇಲೆ ಕುಳಿತಿರುವವರು ಯಾರು? ಕಟ್ಟಡದ ಕೆಲಸಕ್ಕೆಂದು ಉತ್ತರದ ಜಿಲ್ಲೆಗಳಿಂದ ಬಂದವರ ಮಕ್ಕಳು, ಇಟ್ಟಿಗೆ ಗೂಡಿನವರ ಮಕ್ಕಳು, ವ್ಯಾನಿಗೆ ಹಣ ಕೊಡಲಾರದವರ ಮಕ್ಕಳು. ಅಂದು ಹೊಂಗೆಯ ಮರದಡಿ ತಂಗಿಯನ್ನು ಎತ್ತಿಕೊಂಡು ನಿಂತಿದ್ದನಲ್ಲ, ಅವನ ವಾರಸುದಾರರು ಇವರು. ಶಾಲೆಯನ್ನು ಮುಚ್ಚಿ ಆ ಜಾಗದಲ್ಲಿ ಸಮುದಾಯ ಭವನ ಕಟ್ಟಬಹುದೆಂಬ ಸಲಹೆ ಕೇಳಿಬರುತ್ತಿದೆ. ಭವನ ಬೇಕಿಲ್ಲವೆಂದು ನಾನು ಹೇಳುವುದಿಲ್ಲ. ನಿರ್ಧರಿಸುವ ಅಧಿಕಾರವೂ ನನಗಿಲ್ಲ. ಮೂರು ವಿನಂತಿಗಳನ್ನು ಮಾತ್ರ ಮಾಡಿಕೊಳ್ಳುತ್ತೇನೆ.

ಮೊದಲನೆಯದು ಹಳೆಯ ವಿದ್ಯಾರ್ಥಿಗಳಿಗೆ. ನಿಮ್ಮಲ್ಲಿ ಇಂಜಿನಿಯರುಗಳು, ದಾದಿಯರು, ಬ್ಯಾಂಕಿನವರು, ಉಪಾಧ್ಯಾಯರು ಇದ್ದೀರಿ. ಸ್ಮರಣಫಲಕಕ್ಕೆ ಹಣ ಕೊಡುವ ಬದಲು ವಾರಕ್ಕೊಂದು ಸಂಜೆ ಕೊಡಿ. ಆ ಮಕ್ಕಳ ಪಕ್ಕದಲ್ಲಿ ಕುಳಿತು ಓದಿಸಿ. ನಿಮ್ಮ ಮಕ್ಕಳು ಕಲಿಯುತ್ತಿರುವ ಇಂಗ್ಲಿಷನ್ನು ಅವರಿಗೂ ಸ್ವಲ್ಪ ಹಂಚಿ.

ಎರಡನೆಯದು ತಂದೆತಾಯಿಗಳಿಗೆ. ಮಕ್ಕಳು ಯಾವ ಶಾಲೆಗಾದರೂ ಹೋಗಲಿ, ಸಂಜೆಯ ಪ್ರಾರ್ಥನೆ ಮಾತ್ರ ಮನೆಯ ಮಾತಿನಲ್ಲಿ, ಮನೆಯವರೆಲ್ಲ ಸೇರಿ ನಡೆಯಲಿ. ಎಷ್ಟು ಅಂಕ ಬಂತೆಂದು ಕೇಳುವ ಬಾಯಿಂದಲೇ, ಇಂದು ಯಾರಿಗೆ ಸಹಾಯ ಮಾಡಿದೆ ಎಂದೂ ಕೇಳಿ.

ಮೂರನೆಯದು ನಮ್ಮೆಲ್ಲರಿಗೆ. ಒಂದು ವೇಳೆ ಶಾಲೆಯನ್ನು ಮುಚ್ಚಲೇಬೇಕಾದ ದಿನ ಬಂದರೆ, ಅಂದು ಸಭೆ ಸೇರಿ ಮೊದಲು ಹಾಜರಿ ಪುಸ್ತಕವನ್ನು ತರಿಸೋಣ. ಅದರಲ್ಲಿರುವ ಒಂದೊಂದು ಹೆಸರನ್ನೂ ಕೂಗೋಣ. ಈ ಮಗು ನಾಳೆ ಎಲ್ಲಿಗೆ ಹೋಗುತ್ತದೆ, ಯಾರು ಕರೆದೊಯ್ಯುತ್ತಾರೆ ಎಂದು ಪ್ರತಿಯೊಂದು ಹೆಸರಿಗೂ ಉತ್ತರ ದೊರೆತ ಮೇಲೆ ಬೀಗದ ಕೈಯನ್ನು ತೆಗೆದುಕೊಳ್ಳೋಣ. ಒಂದೇ ಹೆಸರಿಗೆ ಉತ್ತರ ದೊರೆಯದಿದ್ದರೂ ಬಾಗಿಲು ತೆರೆದಿರಲಿ. ಒಬ್ಬನ ಹೆಸರನ್ನು ಕೂಗದೆ ಬಿಟ್ಟವನ ಅನುಭವದಿಂದ ಈ ಮಾತನ್ನು ಹೇಳುತ್ತಿದ್ದೇನೆ.

ನೂರು ವರ್ಷಗಳಿಂದ ನಮ್ಮ ದೇವಾಲಯದ ಗಂಟೆ ಈ ಊರಿನವರನ್ನೆಲ್ಲ ಪ್ರಾರ್ಥನೆಗೆ ಕರೆದಿದೆ. ಅದರ ಪಕ್ಕದಲ್ಲಿ ತೂಗುವ ಶಾಲೆಯ ಪುಟ್ಟ ಗಂಟೆಯೂ ಅದೇ ಕರೆಯನ್ನು ಮಕ್ಕಳ ಭಾಷೆಯಲ್ಲಿ ಕೂಗುತ್ತಿದೆಯೆಂದು ನಂಬಿದವನು ನಾನು. ಮಕ್ಕಳನ್ನು ತನ್ನ ಬಳಿಗೆ ಬರಗೊಟ್ಟ ಯೇಸುಸ್ವಾಮಿಯು ನಮಗೆಲ್ಲರಿಗೂ ವಿವೇಕವನ್ನು ದಯಪಾಲಿಸಲಿ. ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ನಮ್ಮ ಮಕ್ಕಳನ್ನು ಕಾಪಾಡಲಿ.  ಸರ್ವೇಶ್ವರನಿಗೆ ಸ್ತೋತ್ರವಾಗಲಿ.